ಹಬ್ಬ ಮಾಡಿ ಭಾಷೆ ಉಳಿಸಿದವರಿಲ್ಲ

ನವೆಂಬರ್ ಬಂತೆಂದರೆ ಪುಣೆ, ಮುಂಬಯಿಗಳ ಕನ್ನಡ ಸಂಘಗಳಿಗೆ ಊರಿನಿಂದ ಭಾಷಣಕಾರರು ಬರುತ್ತಾರೆ. ಶಾಲು, ಹಾರ, ಫಲತಾಂಬೂಲ ಆದ ಮೇಲೆ ನಮ್ಮನ್ನು ಬೈಯುವುದು ಒಂದು ವಾಡಿಕೆ. ಈಚೆಗೆ ಆ ಬೈಗುಳಕ್ಕೆ ಹೊಸ ಉದಾಹರಣೆಯೊಂದು ಸೇರಿದೆ. ಮಗನ ಮನೆಗೆಂದು ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ನೋಡಿ ಬಂದವರು ಹೇಳುತ್ತಾರೆ: "ಅಲ್ಲೆ ಆಮಿಶ್ ಅಂತ ಜನ ಅದಾರ. ಹೋಗಿ ಮುನ್ನೂರು ವರ್ಷ ಆಗ್ಲಿಕ್ಕೆ ಬಂತು, ಇನ್ನೂ ಕುದುರೆ ಗಾಡಿ, ಇನ್ನೂ ತಮ್ಮ ಭಾಷಾ. ನಿಮಗ ಮೂವತ್ತು ವರ್ಷಕ್ಕ ಕನ್ನಡ ಭಾರ ಆತೇನ್ರಿ?" ಸಭೆ ಚಪ್ಪಾಳೆ ತಟ್ಟುತ್ತದೆ. ನಾನು ತಟ್ಟುವುದಿಲ್ಲ. ಉದಾಹರಣೆ ಒಳ್ಳೆಯದೇ, ಆದರೆ ಅದು ಕಲಿಸುವ ಪಾಠ ಬೇರೆ.

ಹೆಸರು ಕೇಳಿ ನಗಬೇಡಿ, ಆಮಿಷಕ್ಕೆ ಸುಲಭವಾಗಿ ಬಗ್ಗದ ಜನ ಅವರು. ಬುದ್ಧಿ ಬಂದ ಮೇಲೆ ತಾನೇ ಒಪ್ಪಿ ದೀಕ್ಷಾಸ್ನಾನ ಪಡೆಯಬೇಕೆಂಬ ಕ್ರೈಸ್ತ ಪಂಥದೊಳಗೆ, 1693ರಲ್ಲಿ, ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಸೀಮೆಯಲ್ಲಿ ಯಾಕೋಬ್ ಅಮ್ಮಾನ್ ಎಂಬವನ ಹಿಂದೆ ಬೇರೆಯಾದವರು. 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೋದರು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹತ್ತು ಸಾವಿರವೂ ಇರದಿದ್ದವರು ಇಂದು ಸುಮಾರು 4 ಲಕ್ಷ. ಯುರೋಪಿನಲ್ಲೇ ಉಳಿದವರ ಕತೆ ಏನು? ಜರ್ಮನಿಯ ಇಕ್ಸ್‌ಹೈಮ್‌ನಲ್ಲಿದ್ದ ಕೊನೆಯ ಆಮಿಶ್ ಸಭೆ 1937ರಲ್ಲಿ ನೆರೆಯ ಮೆನೊನೈಟರೊಳಗೆ ಸೇರಿಹೋಯಿತು. ತವರಿನಲ್ಲಿದ್ದವರು ಕರಗಿದರು, ಹೊರಗೆ ಹೋದವರು ಬೆಳೆದರು. ತವರಿನಲ್ಲಿ ಕೂತವರು ಈ ಮಾತನ್ನು ಒಂದಿಷ್ಟು ನೆನಪಿಟ್ಟುಕೊಳ್ಳಬೇಕು.

ಅವರು ಯಂತ್ರದ್ವೇಷಿಗಳು ಎನ್ನುವುದು ಪ್ರವಾಸಿಗರ ಮಾತು. ಹೆಚ್ಚಿನ ಕಡೆ ಬಾಡಿಗೆ ಕಾರಿನಲ್ಲಿ ಕೂಡಬಹುದು, ಸ್ವಂತ ಕಾರು ಮಾತ್ರ ಇಟ್ಟುಕೊಳ್ಳುವಂತಿಲ್ಲ. ಮನೆಯೊಳಗೆ ಫೋನ್ ಇಲ್ಲ. ಆದರೆ ಹೊಲದ ಅಂಚಿನ ಸಣ್ಣ ಗೂಡಿನಲ್ಲಿ ನಾಲ್ಕಾರು ಮನೆಗೆ ಸೇರಿ ಒಂದು ಫೋನ್ ಇರುವುದುಂಟು. ಊರಿನ ವಿದ್ಯುತ್ ತಂತಿ ಬೇಡ. ಹಾಲು ತಣ್ಣಗಿಡಲು ಡೀಸೆಲ್ ಇಂಜಿನ್ ನಡೆದೀತು. ವಿಚಿತ್ರ ಅನಿಸುತ್ತದೆ, ಆದರೆ ಲೆಕ್ಕ ಖಚಿತವಾಗಿದೆ. ಕಾರು ಬಂದರೆ ಮಗ ಐವತ್ತು ಮೈಲು ದೂರ ಮನೆ ಮಾಡುತ್ತಾನೆ. ಕುದುರೆ ಗಾಡಿ ಇರುವ ತನಕ ನೆಂಟರು, ನೆರೆಯವರು, ಸಭೆ ಎಲ್ಲ ಕುದುರೆ ನಡೆಯುವಷ್ಟೇ ದೂರ. ಏನು ಇರಬೇಕು, ಏನು ಬೇಡ ಎನ್ನುವ ಕಟ್ಟಳೆಗೆ 'ಓರ್ಡ್‌ನುಂಗ್' ಎಂದು ಹೆಸರು. ವರ್ಷಕ್ಕೆ ಎರಡು ಸಲ, ಪ್ರಭುಭೋಜನಕ್ಕೆ ಮುಂಚೆ, ಇಡೀ ಸಭೆ ಕೂತು ಅದನ್ನು ಒಪ್ಪಬೇಕು. ಒಂದು ಸಭೆಯೆಂದರೆ ಇಪ್ಪತ್ತರಿಂದ ನಲವತ್ತು ಮನೆ, ಅಷ್ಟೇ.

ಅವರಿಗೆ ಚರ್ಚ್ ಕಟ್ಟಡವೂ ಇಲ್ಲ. ವಾರ ಬಿಟ್ಟು ವಾರ, ಸರದಿಯ ಪ್ರಕಾರ, ಒಬ್ಬರ ಮನೆಯಲ್ಲಿ ಪ್ರಾರ್ಥನೆ. ಬೆಂಚುಗಳು ಗಾಡಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತವೆ. ಮೂರು ತಾಸಿನ ಪೂಜೆ, ಆಮೇಲೆ ಬ್ರೆಡ್ಡು, ಉಪ್ಪಿನಕಾಯಿ, ಕಾಫಿಯ ಸಾದಾ ಊಟ. ಯಾರ ಕೊಟ್ಟಿಗೆ ಸುಟ್ಟುಹೋದರೂ ನೆರೆಯವರೆಲ್ಲ ಬಂದು ಮತ್ತೆ ಎಬ್ಬಿಸಿ ಕೊಡುತ್ತಾರೆ. ವಿಮೆ ಬೇಡ ಎಂಬ ಅವರ ನಿಲುವಿಗೆ ಮಣಿದು, ಸ್ವಂತ ದುಡಿಮೆಯ ಆಮಿಶರನ್ನು ಅಮೆರಿಕ ಸರಕಾರ 1965ರಲ್ಲಿ ಸಾಮಾಜಿಕ ಭದ್ರತಾ ತೆರಿಗೆಯಿಂದ ಬಿಟ್ಟಿತು.

ಈಗ ಭಾಷೆಯ ವಿಷಯ. ಮನೆಯಲ್ಲಿ, ಕೊಟ್ಟಿಗೆಯಲ್ಲಿ, ಪ್ರಾರ್ಥನೆಯಾದ ಮೇಲಿನ ಪಂಕ್ತಿಯಲ್ಲಿ ಅವರಾಡುವುದು ಪೆನ್ಸಿಲ್ವೇನಿಯಾ ಡಚ್ ಎನ್ನುವ ಜರ್ಮನ್ ನುಡಿ. ಇಂಡಿಯಾನಾದ ಕೆಲವು ಕಡೆ ಮಾತ್ರ ಸ್ವಿಸ್ ಜರ್ಮನ್. ಆದರೆ ಶಾಲೆಯ ಮಾಧ್ಯಮ ಇಂಗ್ಲಿಷ್! ಒಬ್ಬರಿಗೊಬ್ಬರು ಕಾಗದ ಬರೆಯುವುದೂ ಬಹುಮಟ್ಟಿಗೆ ಇಂಗ್ಲಿಷಿನಲ್ಲೇ. ಊರೂರಿನ ಆಮಿಶರು ಸುದ್ದಿ ಬರೆದು ಕಳಿಸುವ, 1890ರಿಂದ ಒಹಾಯೋದಲ್ಲಿ ಅಚ್ಚಾಗುವ 'ದಿ ಬಜೆಟ್' ಪತ್ರಿಕೆಯೂ ಇಂಗ್ಲಿಷಿನದೇ. ಆ ಭಾಷೆಗಾಗಿ ಅವರು ಸಮ್ಮೇಳನ ಮಾಡಿಲ್ಲ, ಬಾವುಟ ಹಾರಿಸಿಲ್ಲ, ಅದರ ಮೇಲೆ ಅಭಿಮಾನ ಅಂತ ಒಂದು ಭಾಷಣ ಮಾಡಿದವರೂ ಅಲ್ಲ. ಅಜ್ಜಿ ಅದರಲ್ಲೇ ಮಾತಾಡುತ್ತಾಳೆ, ಆಡುವ ಹುಡುಗರು ಅದರಲ್ಲೇ ಜಗಳಾಡುತ್ತಾರೆ, ಮದುವೆಯ ಮಾತೂ ಅದರಲ್ಲೇ ನಡೆಯಬೇಕು. ಅದಿಲ್ಲದೆ ದಿನ ಸಾಗುವುದಿಲ್ಲ. ಅಷ್ಟೇ ಗುಟ್ಟು.

ಸಂಶಯವಿದ್ದವರು ಅದೇ ಪೆನ್ಸಿಲ್ವೇನಿಯಾದ ಇನ್ನೊಂದು ಮನೆಗೆ ಬನ್ನಿ. ಇದೇ ನುಡಿಯನ್ನು ಆಡುತ್ತಿದ್ದವರಲ್ಲಿ ಆಮಿಶರು ಒಂದು ಕಾಲಕ್ಕೆ ಬೆರಳೆಣಿಕೆಯ ಮಂದಿ. ಬಹುಪಾಲು ಜನ ಲೂಥರನ್ ಮತ್ತು ರಿಫಾರ್ಮ್ಡ್ ಚರ್ಚಿನ ಒಕ್ಕಲಿಗರು, ವ್ಯಾಪಾರಿಗಳು. ಭಾಷಾಭಿಮಾನ ಇದ್ದದ್ದು ಇವರಿಗೆ. ಪತ್ರಿಕೆಗಳಲ್ಲಿ ಅಂಕಣ ಬರೆದರು, ನಾಟಕ ಆಡಿದರು, ಪದ್ಯ ಕಟ್ಟಿದರು. 1930ರ ದಶಕದಲ್ಲಿ, ಬಿಲದಲ್ಲಿ ಬದುಕುವ ಗ್ರೌಂಡ್‌ಹಾಗ್ ಪ್ರಾಣಿಯ ಹೆಸರಿಟ್ಟು 'ಗ್ರುಂಡ್‌ಸೌ ಲಾಜ್' ಎಂಬ ಸಂಘಗಳನ್ನು ಶುರು ಮಾಡಿದರು. ವರ್ಷಕ್ಕೊಮ್ಮೆ ಭರ್ಜರಿ ಊಟ, ಹಾಡು, ನಗೆಚಾಟಿಕೆ. ಬಾಯಲ್ಲಿ ಇಂಗ್ಲಿಷ್ ಬಂದರೆ ದಂಡ. 1950ರಲ್ಲಿ ಕುಟ್ಸ್‌ಟೌನ್‌ನಲ್ಲಿ ಜಾನಪದ ಉತ್ಸವವೂ ಆರಂಭವಾಯಿತು. ಊಟ ಮುಗಿಸಿ ಮನೆಗೆ ಹೋಗಿ ಮಕ್ಕಳೊಡನೆ ಇಂಗ್ಲಿಷ್ ಮಾತಾಡಿದರು. ಇಂದು ಅವರ ಮೊಮ್ಮಕ್ಕಳಲ್ಲಿ ಆ ನುಡಿ ಬಲ್ಲವರು ಅಪರೂಪ. ಅದನ್ನು ಆಡುವ ಮಕ್ಕಳು ಈಗ ಇರುವುದು ಆಮಿಶರ ಮತ್ತು ಹಳೆಯ ಕಟ್ಟಳೆಯ ಮೆನೊನೈಟರ ಮನೆಗಳಲ್ಲಿ.

ಹೇಳ್ರಿ, ನಮ್ಮ ರಾಜ್ಯೋತ್ಸವ ಇವೆರಡರಲ್ಲಿ ಯಾವುದನ್ನು ಹೋಲುತ್ತದೆ?

ಹಾಗಾದರೆ ಆಮಿಶರಂತೆ ಆಗೋಣ ಅನ್ನುತ್ತೀರೋ? ಅದರ ಬೆಲೆಯನ್ನೂ ಕೇಳಿಕೊಳ್ಳಿ. ಅವರ ಮಕ್ಕಳ ಓದು 8ನೇ ಇಯತ್ತೆಗೆ ಮುಗಿಯುತ್ತದೆ. ಕಲಿಸುವವಳು ಸಾಮಾನ್ಯವಾಗಿ ಅಷ್ಟೇ ಓದಿದ, ಮದುವೆಯಾಗದ ಹುಡುಗಿ. ಮುಂದೆ ಓದಿಸಲು ಒಪ್ಪದ ವಿಸ್ಕಾನ್ಸಿನ್‌ನ ಮೂವರು ತಂದೆಯರಿಗೆ ತಲಾ 5 ಡಾಲರ್ ದಂಡ ಬಿದ್ದು, ಮೊಕದ್ದಮೆ ಸುಪ್ರೀಂ ಕೋರ್ಟಿನ ತನಕ ಹೋಯಿತು. 1972ರಲ್ಲಿ ತೀರ್ಪು ತಂದೆಯರ ಕಡೆಗಾಯಿತು. ಮಕ್ಕಳು ಏನನ್ನುತ್ತಾರೆ, ಅವರನ್ನೂ ಕೇಳಬೇಕಲ್ಲವೇ ಎಂದು ಭಿನ್ನಮತ ಬರೆದವರು ನ್ಯಾಯಮೂರ್ತಿ ವಿಲಿಯಂ ಡಗ್ಲಾಸ್. ನನ್ನ ಓಟು ಡಗ್ಲಾಸರಿಗೆ. ದೀಕ್ಷೆ ಪಡೆದ ಮೇಲೆ ಬಿಟ್ಟುಹೋದವನಿಗೆ ಬಹಿಷ್ಕಾರ: ಬಿಗಿ ಸಭೆಗಳಲ್ಲಿ ಹೆತ್ತ ತಾಯಿಯೂ ಅವನೊಡನೆ ಒಂದೇ ಮೇಜಿನಲ್ಲಿ ಉಣ್ಣುವಂತಿಲ್ಲ. ಕನ್ನಡಕ್ಕಾಗಿ ಮಗಳ ಕಾಲೇಜು ಬಿಡಿಸು, ಮರಾಠಿ ಸೊಸೆಯನ್ನು ಪಂಕ್ತಿಯಿಂದ ಎಬ್ಬಿಸು ಅಂದರೆ, ಅಂಥ ಕನ್ನಡ ನನಗೆ ಬೇಡ. ವೇದಿಕೆಯಿಂದ ಆಮಿಶರನ್ನು ಹೊಗಳುವವರಿಗೂ ಬೇಡ. ಅವರ ಮಗ ಅಮೆರಿಕದಲ್ಲಿರುವುದು ಕುದುರೆ ಗಾಡಿ ಹೊಡೆಯಲಿಕ್ಕಲ್ಲ.

ಬೇಲಿ ಬೇಡವೆಂದ ಮೇಲೆ ಉಳಿದದ್ದು ಗರಜು. ಮುಂಬಯಿಯ ಕನ್ನಡ ರಾತ್ರಿಶಾಲೆಗಳು ಒಂದು ಕಾಲಕ್ಕೆ ತುಂಬಿದ್ದು ಅಭಿಮಾನದಿಂದಲ್ಲ. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಕರಾವಳಿಯ ಹುಡುಗನಿಗೆ ರಾತ್ರಿ ಓದಿ ಮ್ಯಾಟ್ರಿಕ್ ಪಾಸಾಗಲು ಅದೇ ದಾರಿಯಾಗಿತ್ತು. ಪುಣೆಯಲ್ಲಿ ಬೆಳೆಯುವ ನಮ್ಮ ಮಗುವಿಗೆ ಗಲ್ಲಿಯಲ್ಲಿ ಮರಾಠಿ ಸಾಕು, ಶಾಲೆಯಲ್ಲಿ ಇಂಗ್ಲಿಷ್, ಸಿನಿಮಾಕ್ಕೆ ಹಿಂದಿ. ಕನ್ನಡದ ಗರಜು ಬೀಳುವ ಜಾಗ ಒಂದೇ, ಅದು ನೀವಿರುವ ಊರು. ಅಜ್ಜಿ, ಸೋದರಮಾವ, ಓಣಿಯ ಹುಡುಗರು.

ರಜೆಗೆ ಧಾರವಾಡಕ್ಕೆ ಬಂದ ಆ ಮಗುವಿಗೆ ಅಲ್ಲಿ ಸಿಗುವುದೇನು? ಓರಗೆಯ ಹುಡುಗರು ಇಂಗ್ಲಿಷ್ ಮೀಡಿಯಮ್ಮಿನವರು, ಇಂಗ್ಲಿಷಿನಲ್ಲೇ ಶುರು ಹಚ್ಚುತ್ತಾರೆ. ಮಾವ ಪ್ರೀತಿಯಿಂದ ಹಿಂದಿ ಮಾತಾಡುತ್ತಾನೆ. ಗಿರಮಿಟ್ ಅಂಗಡಿಯವನೂ "ಕಿತನಾ ಚಾಹಿಯೇ?" ಅನ್ನುತ್ತಾನೆ. ಮಗು ತಡವರಿಸಿ ಒಂದು ಕನ್ನಡ ವಾಕ್ಯ ಆಡಿದರೆ ಮನೆಮಂದಿಯೆಲ್ಲ ನಗುತ್ತಾರೆ. ಮರುದಿನದಿಂದ ಅದು ಬಾಯಿ ಬಿಡುವುದಿಲ್ಲ. "ಪಾಪ, ಅದಕ್ಕ ತಿಳಿಯಂಗಿಲ್ಲ ಬಿಡ್ರಿ" ಅಂತ ಕನಿಕರ ಬೇರೆ. ಹತ್ತು ತಿಂಗಳು ನಾವು ಮನೆಯಲ್ಲಿ ಹಚ್ಚಿದ ದೀಪವನ್ನು ನೀವು ಒಂದು ತಿಂಗಳಲ್ಲಿ ಉಪಚಾರ ಮಾಡಿಯೇ ಆರಿಸಿ ಕಳಿಸುತ್ತೀರಿ. ನವೆಂಬರಿನಲ್ಲಿ ಬಂದು ದೀಪ ಎಲ್ಲಿ ಅಂತ ಕೇಳುತ್ತೀರಿ.

ಆದ್ದರಿಂದ ಶಾಲು ಬೇಡ, ಭಾಷಣಕಾರರು ಬೇಡ, ಲ್ಯಾಂಕಾಸ್ಟರಿನ ಕುದುರೆ ಗಾಡಿಯ ಫೋಟೋ ಬೇಡ. ಮೇ ತಿಂಗಳಲ್ಲಿ ನಮ್ಮ ಮಕ್ಕಳು ನಿಮ್ಮ ಅಂಗಳಕ್ಕೆ ಬರುತ್ತಾರೆ. ಆ ಮೂವತ್ತು ದಿನ ಅವರ ಜೊತೆ ಕನ್ನಡ ಬಿಟ್ಟು ಬೇರೆ ಮಾತಾಡಬೇಡಿ. ತಪ್ಪು ಆಡಿದರೆ ನಗಬೇಡಿ, ಇಂಗ್ಲಿಷಿನಲ್ಲಿ ನೀರು ಕೇಳಿದರೆ ಓಡಿ ಹೋಗಿ ತಂದು ಕೊಡಬೇಡಿ. ಕನ್ನಡದಲ್ಲಿ ಕೇಳುವ ತನಕ ಒಂದು ಗಳಿಗೆ ತಡೀರಿ. ಕೇಳ್ತಾವು.