ಹತ್ತರಲ್ಲಿ ಏಳು ಮಂದಿ ಗುಣವಾದರೆ ಸಾಕೇ?

‘ಹೊಸ ಔಷಧಿ ಸೇವಿಸಿದ ಹತ್ತು ರೋಗಿಗಳಲ್ಲಿ ಏಳು ಮಂದಿಗೆ ಗುಣವಾಯಿತು, ಹುಸಿ ಗುಳಿಗೆ ನುಂಗಿದ ಹತ್ತು ಮಂದಿಯಲ್ಲಿ ನಾಲ್ವರಿಗೆ ಮಾತ್ರ.’ ಹೀಗೆಂದು ಓದಿದೊಡನೆ ಔಷಧಿ ಗೆದ್ದಿತು ಎಂದುಕೊಳ್ಳುವುದು ಸಹಜ. ಸಂಖ್ಯಾಶಾಸ್ತ್ರಜ್ಞರ ಪ್ರಶ್ನೆಯೇ ಬೇರೆ: ಔಷಧಿಯಲ್ಲಿ ಏನೇನೂ ಸತ್ವವಿಲ್ಲದಿದ್ದರೂ, ಕೇವಲ ಆಕಸ್ಮಿಕವಾಗಿ ಇಷ್ಟು ಅಥವಾ ಇದಕ್ಕಿಂತ ಹೆಚ್ಚಿನ ಅಂತರ ಕಾಣುವ ಸಾಧ್ಯತೆ ಎಷ್ಟು?

ಈ ಸಾಧ್ಯತೆಗೆ ‘ಪಿ ಮೌಲ್ಯ’ ಎಂದು ಹೆಸರು. ಮೇಲಿನ ಉದಾಹರಣೆಯಲ್ಲಿ ಅದು ಸುಮಾರು 0.37. ಎಂದರೆ, ನಿಷ್ಪ್ರಯೋಜಕ ಔಷಧಿಯನ್ನು ಹೀಗೆ ನೂರು ಸಲ ಪರೀಕ್ಷಿಸಿದರೆ ಸುಮಾರು 37 ಸಲ ಇಂಥ ಅಂತರ ಈ ಕಡೆಗೋ ಆ ಕಡೆಗೋ ತಾನಾಗಿಯೇ ಮೂಡೀತು. ಅದೇ ಪ್ರಮಾಣ ನೂರು ನೂರು ಮಂದಿಯಲ್ಲಿ (70 ಮತ್ತು 40) ಕಂಡುಬಂದರೆ, ಆ ಸಾಧ್ಯತೆ ಹತ್ತು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ!

ಪಿ ಮೌಲ್ಯ 0.05ಕ್ಕಿಂತ ಕಡಿಮೆಯಿದ್ದರೆ ಫಲಿತಾಂಶ ‘ಗಣನೀಯ’ ಎನ್ನುವ ರೂಢಿ ಬೆಳೆದದ್ದು ಆರ್.ಎ. ಫಿಶರ್ ಅವರ 1925ರ ಪುಸ್ತಕದಿಂದ. ಹಾಗೆಂದು ಔಷಧಿ ಫಲಕಾರಿ ಎಂಬುದು ಶೇಕಡಾ 95ರಷ್ಟು ಖಚಿತವಾಯಿತು ಎಂದಲ್ಲ. ಇಪ್ಪತ್ತು ನಿಷ್ಪ್ರಯೋಜಕ ಔಷಧಿಗಳನ್ನು ಪರೀಕ್ಷಿಸಿದರೆ ಸರಾಸರಿ ಒಂದು ಹೇಗೋ ‘ಪಾಸಾಗುತ್ತದೆ’. ‘ಗಣನೀಯವಲ್ಲ’ ಎಂದರೆ ಔಷಧಿ ನಿರುಪಯುಕ್ತ ಎಂದೂ ಅಲ್ಲ. ರೋಗಿಗಳ ಸಂಖ್ಯೆ ಸಾಲದೆಯೂ ಹೋಗಿರಬಹುದು.

ಹೃದಯಾಘಾತಕ್ಕೆ ಮೆಗ್ನೀಸಿಯಂ ಕೊಟ್ಟ ಕಥೆ ಇಲ್ಲಿ ನೆನಪಿಡತಕ್ಕದ್ದು. ಏಳು ಚಿಕ್ಕ ಪ್ರಯೋಗಗಳ 1,301 ರೋಗಿಗಳ ಲೆಕ್ಕವನ್ನು 1991ರಲ್ಲಿ ಒಟ್ಟುಗೂಡಿಸಲಾಯಿತು. ಮೆಗ್ನೀಸಿಯಂ ಪಡೆದವರಲ್ಲಿ ಸತ್ತವರು 25, ಪಡೆಯದವರಲ್ಲಿ 53. ಸಾವು ಅರ್ಧಕ್ಕಿಂತ ಕಡಿಮೆ! ಪಿ ಮೌಲ್ಯವೂ ಚಿಕ್ಕದೇ. ಆದರೆ 1995ರಲ್ಲಿ ಪ್ರಕಟವಾದ ‘ಐಸಿಸ್-4’ ಎಂಬ ಪ್ರಯೋಗದಲ್ಲಿ 58,050 ರೋಗಿಗಳಿದ್ದರು. ಐದು ವಾರಗಳಲ್ಲಿ ಮೆಗ್ನೀಸಿಯಂ ಗುಂಪಿನಲ್ಲಿ 2,216 ಮಂದಿ, ಇನ್ನೊಂದು ಗುಂಪಿನಲ್ಲಿ 2,103 ಮಂದಿ ತೀರಿಕೊಂಡರು. ಮೊದಲು ಕಂಡ ಲಾಭ ಮಾಯವಾಗಿತ್ತು.

ಹೀಗೇಕೆ? ಚಿಕ್ಕ ಪ್ರಯೋಗಗಳಲ್ಲಿ ನಾಲ್ಕಾರು ಸಾವುಗಳ ಏರುಪೇರು ಫಲಿತಾಂಶವನ್ನೇ ತಿರುಗಿಸಬಲ್ಲದು. ಜೊತೆಗೆ, ಗೆದ್ದ ಪ್ರಯೋಗಗಳು ಬೇಗ ಅಚ್ಚಾಗುತ್ತವೆ. ಸೋತವು ಎಷ್ಟೋ ಸಲ ಬೀರುವಿನಲ್ಲೇ ಉಳಿಯುತ್ತವೆ.

ಆದ್ದರಿಂದ ಔಷಧಿಯ ಸುದ್ದಿ ಓದುವಾಗ ತಂದೆ-ತಾಯಂದಿರು ಮೂರು ಪ್ರಶ್ನೆ ಕೇಳಿಕೊಳ್ಳಲಿ: ರೋಗಿಗಳು ಎಷ್ಟು ಮಂದಿ? ಹೋಲಿಕೆಗೆ ಇನ್ನೊಂದು ಗುಂಪು ಇತ್ತೇ? ಬೇರೆಯವರು ಪರೀಕ್ಷಿಸಿದಾಗಲೂ ಇದೇ ಫಲ ಬಂತೇ? ವಿದ್ಯಾರ್ಥಿಗಳು ನಾಣ್ಯವೊಂದನ್ನು ಹತ್ತು ಸಲ, ಅನಂತರ ನೂರು ಸಲ ಚಿಮ್ಮಿ ಬರೆದಿಟ್ಟುಕೊಳ್ಳಲಿ. ಹತ್ತರಲ್ಲಿ ಏಳು ತಲೆ ಬೀಳುವುದು ಅಪರೂಪವಲ್ಲ. ನೂರರಲ್ಲಿ ಎಪ್ಪತ್ತು ಬಿದ್ದರೆ ನಾಣ್ಯವನ್ನೇ ಸಂಶಯಿಸಬೇಕು.