ಎದೆಯ ಅಗುಳಿ ಯಾರ ಕೈಯಲ್ಲಿರಬೇಕು?

ಮದುವೆ ಮುರಿದುಕೊಂಡವರು, ಸಂಗಾತಿಯನ್ನು ಕಳೆದುಕೊಂಡವರು, ನಂಬಿದವರಿಂದಲೇ ಮೋಸ ಹೋದವರು, ಬಾಲ್ಯದಲ್ಲಿ ಅಕ್ಕರೆ ಕಾಣದೆ ಬೆಳೆದವರು: ಇವರ ಕಿವಿಗೆ ಇಂದು ಎರಡು ಬಗೆಯ ಬುದ್ಧಿಮಾತು ಬೀಳುತ್ತದೆ. ಆಪ್ತಸಮಾಲೋಚಕರು, ಧ್ಯಾನ ಶಿಬಿರಗಳು, ವ್ಯಕ್ತಿತ್ವ ವಿಕಸನದ ಪುಸ್ತಕಗಳು ಒಂದನ್ನು ಹೇಳುತ್ತವೆ. ಒಳಗೆ ಕಟ್ಟಿಕೊಂಡ ತಡೆಗಳನ್ನು ಕಳಚಿ, ಹಳೆಯದನ್ನು ಬಿಟ್ಟುಬಿಡಿ, ಎದೆ ತೆರೆದರೆ ಪ್ರೀತಿ ತಾನಾಗಿ ಒಳಗೆ ಬರುತ್ತದೆ. ಮನೆಯ ಹಿರಿಯರದು ಇನ್ನೊಂದು: ಬಾಯಿ ಬಿಟ್ಟರೆ ಬಣ್ಣಗೇಡು. ಒಂದನ್ನು ಆಧುನಿಕ ಜ್ಞಾನವೆಂದೂ ಇನ್ನೊಂದನ್ನು ಹಳೆಯ ಅಂಜಿಕೆಯೆಂದೂ ವಿಂಗಡಿಸಿಬಿಡುವುದು ಸುಲಭ. ಆದರೆ ಎರಡೂ ಕಡೆ ಪ್ರಾಮಾಣಿಕರಿದ್ದಾರೆ, ಎರಡೂ ಕಡೆ ಅನುಭವವಿದೆ. ವಿಜ್ಞಾನವೂ ಒಂದೇ ಕಡೆ ನಿಂತಿಲ್ಲ.

ಎದೆ ತೆರೆಯಬೇಕೆನ್ನುವವರ ವಾದವನ್ನು ಅದರ ಬಲವಾದ ನೆಲೆಯಲ್ಲೇ ಮೊದಲು ನೋಡೋಣ. ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ 1969ರಿಂದ 1980ರವರೆಗೆ ಮೂರು ಸಂಪುಟಗಳಲ್ಲಿ ಮಂಡಿಸಿದ ಬಾಂಧವ್ಯ ಸಿದ್ಧಾಂತದ ತಿರುಳು ಇಷ್ಟು: ಆಸರೆಗೆ ನೆಚ್ಚಿಕೊಳ್ಳಬಹುದಾದ ಒಬ್ಬ ಆಪ್ತ ವ್ಯಕ್ತಿ ಮಗುವಿಗೆ ಅನ್ನದಷ್ಟೇ ಅಗತ್ಯ. ಅವರ ಜೊತೆ ದುಡಿದ ಮೇರಿ ಐನ್ಸ್‌ವರ್ತ್, ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದು ವರ್ಷದ ಆಸುಪಾಸಿನ ಮಕ್ಕಳನ್ನು ಗಮನಿಸಿದರು. ಆಟಿಕೆಗಳಿರುವ ಒಂದು ಕೋಣೆ. ತಾಯಿ ತುಸು ಹೊತ್ತು ಹೊರಗೆ ಹೋಗಿ ಮರಳುತ್ತಾಳೆ. ಹೆಚ್ಚಿನ ಮಕ್ಕಳು ಅವಳತ್ತ ಧಾವಿಸಿ, ಸಮಾಧಾನ ಮಾಡಿಸಿಕೊಂಡು ಮತ್ತೆ ಆಟಕ್ಕಿಳಿಯುತ್ತಿದ್ದವು. ಕೆಲವು ಮಾತ್ರ ತಾಯಿ ಬಂದರೂ ತಲೆಯೆತ್ತದೆ, ಕೈಯಲ್ಲಿದ್ದ ಆಟಿಕೆಯನ್ನೇ ನೋಡುತ್ತ ಕೂತಿರುತ್ತಿದ್ದವು. ನೋಡಿದವರು ‘ಎಷ್ಟು ಗಟ್ಟಿ ಮಗು!’ ಎನ್ನಬೇಕು, ಹಾಗೆ. ಆದರೆ 1977ರಲ್ಲಿ ಅಲನ್ ಸ್ರೂಫ್ ಮತ್ತು ಎವರೆಟ್ ವಾಟರ್ಸ್ ಇಂಥ ಮಕ್ಕಳ ಎದೆಬಡಿತದ ಅಳತೆಯನ್ನು ವರದಿ ಮಾಡಿದಾಗ ಬೇರೆಯೇ ಸಂಗತಿ ಕಂಡಿತು. ಮುಖ ಶಾಂತವಾಗಿತ್ತು, ಎದೆ ಮಾತ್ರ ಜೋರಾಗಿ ಬಡಿದುಕೊಳ್ಳುತ್ತಿತ್ತು. ಕರೆದರೆ ಯಾರೂ ಬರುವುದಿಲ್ಲ ಎಂಬುದನ್ನು ಪದೇ ಪದೇ ಕಂಡ ಮಗು, ಕರೆಯುವುದನ್ನೇ ಬಿಟ್ಟಿತ್ತು ಎಂದು ಈ ಪಂಥದವರು ಅದನ್ನು ಅರ್ಥೈಸುತ್ತಾರೆ.

ಆ ಮಗು ಬೆಳೆದು ದೊಡ್ಡದಾದ ಮೇಲೇನು? ಸಿಂಡಿ ಹ್ಯಾಝನ್ ಮತ್ತು ಫಿಲಿಪ್ ಶೇವರ್ 1987ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಡೆನ್ವರ್‌ನ ಪತ್ರಿಕೆಯೊಂದರ ಓದುಗರಿಗೆ ಪ್ರೀತಿಯ ಬಗ್ಗೆ ಪ್ರಶ್ನಾವಳಿ ಕೊಟ್ಟಿದ್ದರು. ಉತ್ತರಿಸಿದವರಲ್ಲಿ ಸುಮಾರು ನಾಲ್ಕನೇ ಒಂದು ಭಾಗದಷ್ಟು ಜನ, ಯಾರಾದರೂ ತೀರ ಹತ್ತಿರ ಬಂದರೆ ತಮಗೆ ಕಸಿವಿಸಿಯಾಗುತ್ತದೆ ಎಂಬ ವಿವರಣೆಯಲ್ಲಿ ತಮ್ಮನ್ನು ಗುರುತಿಸಿಕೊಂಡರು. ಅಂಥವರನ್ನು ನಾವೆಲ್ಲ ಕಂಡಿದ್ದೇವೆ. ರಾತ್ರಿ ಹನ್ನೊಂದಕ್ಕೆ ಮೊಬೈಲಿನಲ್ಲಿ ನಾಲ್ಕು ಸಾಲು ಬರೆಯುತ್ತಾರೆ, ಓದಿಕೊಳ್ಳುತ್ತಾರೆ, ಅಳಿಸುತ್ತಾರೆ. ಕೊನೆಗೆ ‘ಊಟ ಆಯ್ತಾ?’ ಎಂದಷ್ಟೇ ಕಳಿಸಿ ಫೋನನ್ನು ಬೋರಲು ಹಾಕಿ ಮಲಗುತ್ತಾರೆ. ಆಚೆಯವರಿಗೆ ಅಳಿಸಿದ ಸಾಲುಗಳ ಸುಳಿವೇ ಸಿಗುವುದಿಲ್ಲ. ಒಳಗಿನ ತಡೆ ನೋವನ್ನಷ್ಟೇ ಆರಿಸಿ ಹೊರಗಿಡುವುದಿಲ್ಲ, ಅಕ್ಕರೆಯನ್ನೂ ಅಲ್ಲೇ ನಿಲ್ಲಿಸುತ್ತದೆ ಎಂಬ ಮಾತು ಈ ಪಕ್ಷದ ಅತ್ಯಂತ ಬಲವಾದ ವಾದ. ಇದನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ.

ಆದರೆ ಮುಖ ಶಾಂತ, ಎದೆ ಜೋರು ಎಂಬ ಇದೇ ಲಕ್ಷಣ ಎದುರು ಪಕ್ಷಕ್ಕೂ ಸಾಕ್ಷಿಯಾಗಿ ನಿಂತಿದೆ. ಜಾರ್ಜ್ ಬೊನಾನೊ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಡುವಯಸ್ಸಿನಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರನ್ನು ಸಾವಿನ ಆರು ತಿಂಗಳ ನಂತರ ಮಾತನಾಡಿಸಿದ್ದರು. ಅಗಲಿದವರ ಬಗ್ಗೆ ಹೇಳುವಾಗ ಕೆಲವರು ತಮಗೆ ಅಷ್ಟೇನೂ ದುಃಖವಾಗುತ್ತಿಲ್ಲ ಎಂದರು. ಅಳತೆಯ ಯಂತ್ರ ಮಾತ್ರ ಅವರ ದೇಹ ತಳಮಳಿಸುತ್ತಿದೆ ಎಂದಿತು. ಅದುಮಿಟ್ಟ ಶೋಕ ಮುಂದೆಂದೋ ಸಿಡಿಯಬೇಕು ಎಂಬುದು ಅಂದಿನ ಸಾಮಾನ್ಯ ನಂಬಿಕೆ. ಸಿಡಿಯಲಿಲ್ಲ. 14 ತಿಂಗಳಾದಾಗ ನೋಡಿದರೆ ಶೋಕದ ಲಕ್ಷಣಗಳು ಅವರಲ್ಲೇ ಕಡಿಮೆ ಇದ್ದವು. ಹೇಳಿಕೊಳ್ಳದೆ, ಅಳದೆ, ಮಕ್ಕಳ ಫೀಸು, ಪಹಣಿ, ಪಿಂಚಣಿ ಎಂದು ಓಡಾಡಿ ಬದುಕನ್ನು ಮತ್ತೆ ಹಳಿಗೆ ತಂದ ವಿಧವೆಯನ್ನು ‘ಕಲ್ಲು ಮನಸ್ಸಿನವಳು’ ಎಂದು ಆಡಿಕೊಳ್ಳುವವರು ಈ ಸಂಗತಿಯನ್ನು ತಿಳಿದಿರುವುದು ಒಳ್ಳೆಯದು.

ಒತ್ತಾಯದಿಂದ ತೆರೆಸುವುದರ ಅಪಾಯಕ್ಕೂ ದಾಖಲೆ ಇದೆ. ಅವಘಡಕ್ಕೆ ಸಿಲುಕಿದವರನ್ನು ಕೆಲವೇ ದಿನಗಳಲ್ಲಿ ಕೂರಿಸಿ ಎಲ್ಲವನ್ನೂ ಹೇಳಿಸುವ ಪದ್ಧತಿ 1980ರ ದಶಕದಿಂದ ಜನಪ್ರಿಯವಾಯಿತು. ಸುಟ್ಟಗಾಯಗಳಾದವರ ಮೇಲೆ ಜೊನಾಥನ್ ಬಿಸನ್ ಮತ್ತಿತರರು ನಡೆಸಿ 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೀಗೆ ಹೇಳಿಸಿಕೊಂಡವರ ಪೈಕಿ ಶೇ. 26ರಷ್ಟು ಮಂದಿಯಲ್ಲಿ 13 ತಿಂಗಳ ನಂತರ ಆಘಾತದ ಕಾಯಿಲೆ ಕಂಡಿತು. ಹೇಳಿಸದೇ ಬಿಟ್ಟವರಲ್ಲಿ ಅದು ಶೇ. 9. ಮೊದಲ ಗುಂಪಿನವರ ಗಾಯಗಳೇ ಹೆಚ್ಚು ತೀವ್ರವಾಗಿದ್ದವು ಎಂಬ ಆಕ್ಷೇಪ ನ್ಯಾಯವಾದದ್ದು. ಆದರೂ ಮುಂದೆ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ತೂಗಿದ ಕಾಕ್ರೇನ್ ಪರಿಶೀಲನೆ, ಒಂದೇ ಸಲ ಕೂರಿಸಿ ಮನಸ್ಸು ಬಿಚ್ಚಿಸುವ ಈ ಕ್ರಮವನ್ನು ಕಡ್ಡಾಯ ಮಾಡುವುದು ನಿಲ್ಲಬೇಕೆಂದೇ ಹೇಳಿತು. ವಾರಾಂತ್ಯದ ಶಿಬಿರದಲ್ಲಿ ಅಪರಿಚಿತರ ನಡುವೆ ಕಣ್ಣು ಮುಚ್ಚಿಸಿ, ಬಾಲ್ಯದ ಗಾಯವನ್ನು ಕೆದಕಿ ಅಳಿಸಿ, ಭಾನುವಾರ ಸಂಜೆಯ ಬಸ್ಸು ಹತ್ತಿಸಿ ಕಳಿಸುವವರು ಈ ಮಾತನ್ನು ಕೇಳಿಸಿಕೊಳ್ಳಬೇಕು. ಸೋಮವಾರ ಬೆಳಿಗ್ಗೆ ಆ ಮನುಷ್ಯನ ಜೊತೆಗೆ ಯಾರಿರುತ್ತಾರೆ?

ಈ ಆಕ್ಷೇಪಕ್ಕೆ ಉತ್ತರವಿಲ್ಲದಿಲ್ಲ. ಕೆಟ್ಟದಾಗಿ ತೆರೆಸಿದ್ದು ತೆರೆಯುವುದರ ತಪ್ಪಲ್ಲ ಎಂದು ಮೊದಲ ಪಕ್ಷ ಹೇಳಬಹುದು. ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮ್ಮ ಬದುಕಿನ ದೊಡ್ಡ ನೋವನ್ನು ಕಾಗದದ ಮೇಲೆ ಇಳಿಸಿದರು. ಘಟನೆಯ ಜೊತೆಗೆ ಭಾವನೆಯನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ನಂತರ ಬಂದ ನೂರಾರು ಅಧ್ಯಯನಗಳು ಈ ಲಾಭ ನಿಜ, ಆದರೆ ಸಣ್ಣದು ಎಂಬಲ್ಲಿಗೆ ಬಂದು ನಿಂತಿವೆ. ಅಲ್ಲಿ ಗಮನಿಸಬೇಕಾದ್ದು, ಆ 15 ನಿಮಿಷದಲ್ಲಿ ಏನನ್ನು, ಎಷ್ಟು ಬಿಚ್ಚಿಡಬೇಕು ಎಂಬುದು ಬರೆಯುವವರ ಕೈಯಲ್ಲೇ ಇತ್ತು.

ಕನ್ನಡದಲ್ಲಿ ಈ ವಿಷಯ ಬಂದಾಗ ತ್ರಿವೇಣಿಯವರ ‘ಶರಪಂಜರ’ ಕಾದಂಬರಿಯನ್ನು ಬಿಟ್ಟು ಮುಂದೆ ಹೋಗಲಾಗದು. ಮನಶ್ಶಾಸ್ತ್ರ ಓದಿದ್ದ ಲೇಖಕಿ ಅವರು. ಪುಟ್ಟಣ್ಣ ಕಣಗಾಲರ 1971ರ ಚಿತ್ರದಿಂದ, ಕಲ್ಪನಾ ಅವರ ಅಭಿನಯದಿಂದ ಕಥಾನಾಯಕಿ ಕಾವೇರಿಯ ಕತೆ ಮನೆಮನೆಗೆ ತಲುಪಿತು. ಕಾವೇರಿ ಮದುವೆಗೆ ಮುಂಚಿನ ಒಂದು ಘಟನೆಯನ್ನು ಒಳಗೇ ಹುಗಿದಿಟ್ಟುಕೊಂಡಿರುತ್ತಾಳೆ. ಬಾಣಂತನದ ಕಾಲದಲ್ಲಿ ಮನಸ್ಸಿನ ಸ್ತಿಮಿತ ತಪ್ಪಿದಾಗ ಅದು ಹೊರಬೀಳುತ್ತದೆ. ಹುಗಿದಿಟ್ಟದ್ದೇ ಕಾಯಿಲೆಗೆ ದಾರಿಯಾಯಿತು, ಮೊದಲೇ ಹೇಳಿಕೊಳ್ಳುವ ಜಾಗವಿದ್ದಿದ್ದರೆ ಅವಳು ಉಳಿಯುತ್ತಿದ್ದಳು ಎಂದು ಓದುವವರಿದ್ದಾರೆ. ಕತೆಯ ಎರಡನೆಯ ಅರ್ಧ ಇನ್ನೊಂದನ್ನು ಹೇಳುತ್ತದೆ. ಗುಣವಾಗಿ ಮನೆಗೆ ಮರಳಿದವಳನ್ನು ಎಲ್ಲರೂ ಅನುಮಾನದ ಕಣ್ಣಿನಿಂದ ನೋಡುತ್ತಾರೆ. ಗಂಡ ಸತೀಶನೇ ದೂರ ಸರಿದಿರುತ್ತಾನೆ. ಒಳಗಿನದು ಹೊರಬಂದ ಮೇಲೆ ಅದನ್ನು ತಾಳಿಕೊಳ್ಳುವ ಎದೆ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಗುಟ್ಟು ಕಾಪಾಡಿಕೋ ಎಂದು ಮಗಳಿಗೆ ಹೇಳುವ ತಾಯಿ ಹೆದರುವುದು ಇಂಥ ಮನೆಗಳಿಗೆ. ಆ ಹೆದರಿಕೆಯನ್ನು ಅಜ್ಞಾನ ಎನ್ನಲು ನನಗೆ ಮನಸ್ಸು ಬಾರದು. ಹಾಗೆಯೇ, ಅವಳ ಉಪದೇಶದಿಂದಲೇ ಇನ್ನೊಬ್ಬ ಕಾವೇರಿ ತಯಾರಾಗಬಹುದು ಎಂಬುದನ್ನೂ ಮರೆಯಲಾಗದು.

ಶರಣರ ಮಾತನ್ನು ಎದೆ ತೆರೆಯುವುದಕ್ಕೆ ಆಧಾರವಾಗಿ ಮುಂದಿಡುವವರಿದ್ದಾರೆ, ಮತ್ತು ಅದು ಸರಿಯಾದ ಆಧಾರವೇ. 12ನೆಯ ಶತಮಾನದಲ್ಲಿ ಬಸವಣ್ಣ ತನ್ನ ಮನಸ್ಸಿನ ಚಂಚಲತೆಯನ್ನು, ಅಂಜಿಕೆಯನ್ನು, ಹುಸಿಯನ್ನು ಮುಚ್ಚುಮರೆಯಿಲ್ಲದೆ ಹೇಳಿಕೊಂಡಷ್ಟು ನಮ್ಮಲ್ಲಿ ಇನ್ನಾರೂ ಹೇಳಿಕೊಂಡಂತಿಲ್ಲ. ಆದರೆ ಆತ ಹೇಳಿಕೊಂಡದ್ದು ಕೂಡಲಸಂಗಮನ ಮುಂದೆ, ಶರಣರ ಕೂಟದಲ್ಲಿ. ಕೇಳುವವರ ಮೇಲೆ ಆ ಮಟ್ಟದ ಭರವಸೆ ಇತ್ತು. ಮರುದಿನ ಅದೇ ಮಾತನ್ನು ಹಿಡಿದು ಚುಚ್ಚುವ ಅತ್ತೆಮನೆಯ ಮುಂದೆ ಅದೇ ಧೈರ್ಯವನ್ನು ಒಬ್ಬ ಸೊಸೆಯಿಂದ ಬಯಸುವುದು ಎಷ್ಟು ಸರಿ?

ಎಚ್ಚರದ ಪಕ್ಷಕ್ಕೆ ಇನ್ನೊಂದು ವಾದವೂ ಇದೆ: ಮುಚ್ಚಿದಂತೆ ಕಾಣುವ ಎದೆಯೆಲ್ಲ ಮುಚ್ಚಿರುವುದಿಲ್ಲ. ಮಗಳನ್ನು ಬಸ್ಸು ಹತ್ತಿಸಲು ಬಂದ ಅಪ್ಪ ಒಂದೂ ಮಾತಾಡುವುದಿಲ್ಲ. ಬ್ಯಾಗನ್ನು ಮೇಲಿನ ಕ್ಯಾರಿಯರ್‌ಗೆ ಏರಿಸುತ್ತಾನೆ, ಕೆಳಗಿಳಿದು ಕಿಟಕಿಯೊಳಗೆ ನೀರಿನ ಬಾಟಲಿ, ಬಿಸ್ಕತ್ತು ಪೊಟ್ಟಣ ತೂರಿಸುತ್ತಾನೆ, ‘ತಲುಪಿದ ತಕ್ಷಣ ಫೋನ್ ಮಾಡವ್ವ’ ಎಂದು ಕಂಡಕ್ಟರಿನ ಸೀಟಿಯವರೆಗೂ ಅಲ್ಲೇ ನಿಂತಿರುತ್ತಾನೆ. ಅವನಲ್ಲಿ ಕಳಚಬೇಕಾದ ತಡೆ ಇದೆ ಎನ್ನುವವರು, ಪ್ರೀತಿಗೆ ಬಾಯಿಮಾತೊಂದೇ ದಾರಿ ಎಂದು ನಂಬಿದವರಿರಬೇಕು. ಇದಕ್ಕೂ ಮರುನುಡಿ ಉಂಟು. ಅದೇ ಮಗಳು ಪರೀಕ್ಷೆಯಲ್ಲಿ ಸೋತ ರಾತ್ರಿ, ಅಥವಾ ಗಂಡನ ಮನೆಯಲ್ಲಿ ಹೊಡೆತ ತಿಂದ ರಾತ್ರಿ, ಅಪ್ಪನಿಗೆ ಫೋನ್ ಮಾಡಿ ಸುಮ್ಮನೆ ಇಟ್ಟುಬಿಡಬಹುದು. ಅಪ್ಪ ಕೇಳಿಸಿಕೊಳ್ಳಬಲ್ಲ ಎಂಬ ಗುರುತೇ ಅವಳಿಗೆ ಸಿಕ್ಕಿರುವುದಿಲ್ಲ. ಬಿಸ್ಕತ್ತಿನ ಪೊಟ್ಟಣ ಹೇಳಬಲ್ಲ ಮಾತುಗಳಿಗೆ ಒಂದು ಮಿತಿ ಇದೆ.

ಎರಡೂ ಕಡೆಯವರು ಸಾಮಾನ್ಯವಾಗಿ ದಾಟಿಹೋಗುವ ಒಂದು ಸಂಗತಿಯನ್ನು ಇಲ್ಲಿ ಎತ್ತಬೇಕು. ‘ಒಳಗಿನ ತಡೆ’ ಎನ್ನುವುದು ಎಷ್ಟೋ ಸಲ ಹೊರಗಿನ ತಡೆಯ ನೆರಳು. ಬೇರೆ ಜಾತಿಯವನನ್ನು ಮೆಚ್ಚಿದ ಹುಡುಗಿ ಒಳಗೊಳಗೇ ಹಿಂಜರಿದರೆ, ಮರ್ಯಾದೆಯ ಹೆಸರಿನಲ್ಲಿ ಕೊಲೆಗಳು ನಡೆಯುವ ನಾಡಿನಲ್ಲಿ ಅವಳು ಬದುಕಿದ್ದಾಳೆ ಎಂಬುದನ್ನು ಲೆಕ್ಕಕ್ಕಿಡಬೇಕು. ಎರಡನೆಯ ಮದುವೆಗೆ ಒಪ್ಪದ ಹೆಂಗಸಿನ ಹಿಂದೆ, ತನ್ನ ಮಗುವನ್ನು ಆ ಮನೆ ಹೇಗೆ ನೋಡೀತು ಎಂಬ ನ್ಯಾಯವಾದ ಪ್ರಶ್ನೆ ಇರಬಹುದು. ಇವರಿಗೆ ‘ನಿಮ್ಮ ಮನಸ್ಸಿನ ಗಂಟು ಬಿಚ್ಚಿಕೊಳ್ಳಿ’ ಎಂದರೆ, ಊರು ಹೊರಬೇಕಾದ ಹೊರೆಯನ್ನು ಒಬ್ಬರ ತಲೆಗೇ ಕಟ್ಟಿದಂತೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬಕ್ಕೆಂದೇ ಪ್ರತ್ಯೇಕ ಮನೋಚಿಕಿತ್ಸಾ ಕೇಂದ್ರ ಇರುವುದು ಈ ದೃಷ್ಟಿಯಿಂದ ಅರ್ಥಪೂರ್ಣ. ರೋಗ ಒಬ್ಬರದಾಗಿ ಕಂಡರೂ ಮಾತು ಎಲ್ಲರ ಜೊತೆ ನಡೆಯಬೇಕಾಗುತ್ತದೆ.

ಇಷ್ಟನ್ನೂ ಎದುರಿಗಿಟ್ಟುಕೊಂಡಾಗ ತಕ್ಕಡಿ ಒಂದು ಕಡೆಗೆ ಪೂರ್ತಿ ವಾಲುವುದಿಲ್ಲ. ಆದರೂ ಹೇಳಲೇಬೇಕೆಂದರೆ, ಎಚ್ಚರದಿಂದಲೇ, ತೆರೆಯುವ ಕಡೆಗೆ ತುಸು ವಾಲುತ್ತೇನೆ. ಮೂಳೆ ಮುರಿದಾಗ ಹಾಕಿದ ಪಟ್ಟಿಯನ್ನು ವೇಳೆಗೆ ಮುಂಚೆ ಬಿಚ್ಚಿದರೆ ಕೈ ಸೊಟ್ಟಗಾಗುತ್ತದೆ, ಬಿಚ್ಚದೇ ಬಿಟ್ಟರೆ ಕೈ ಸೊರಗುತ್ತದೆ. ಮನಸ್ಸಿನ ತಡೆಯ ವಿಷಯದಲ್ಲಿಯೂ ಅದು ಇದೆಯೇ ಇಲ್ಲವೇ ಎಂಬುದಕ್ಕಿಂತ, ಯಾವ ಪೆಟ್ಟಿಗಾಗಿ ಕಟ್ಟಿದ್ದೋ ಆ ಪೆಟ್ಟು ಇನ್ನೂ ಬೀಳುತ್ತಿದೆಯೇ ಎಂಬುದನ್ನು ಕೇಳಬೇಕು. ಹೊಡೆಯುವ, ಹೀಯಾಳಿಸುವ ವ್ಯಕ್ತಿಯ ಜೊತೆಗೇ ಇಂದಿಗೂ ಬಾಳುತ್ತಿರುವವರಿಗೆ ಎದೆ ತೆರೆಯಿರಿ ಎಂಬ ಸಲಹೆ ಕೊಡಬಾರದು. ಅವರಿಗೆ ಬೇಕಾದದ್ದು ರಕ್ಷಣೆ. ಪೆಟ್ಟು ನಿಂತು ವರ್ಷಗಳಾದರೂ ತಡೆ ಹಾಗೆಯೇ ಉಳಿದಿದೆ, ಒಳಗೆ ಒಂಟಿತನ ಹಿಂಡುತ್ತಿದೆ ಎನ್ನುವವರ ವಿಷಯ ಬೇರೆ.

ಅಂಥವರಿಗೆ ದಾರಿ ಯಾವುದು ಎಂಬುದಕ್ಕೆ ಆರ್ಥರ್ ಆರನ್ ಮತ್ತು ಸಂಗಡಿಗರ 1997ರ ಪ್ರಯೋಗ ಒಂದು ಸುಳಿವು ಕೊಡುತ್ತದೆ. ಪರಸ್ಪರ ಗುರುತಿಲ್ಲದ ಇಬ್ಬಿಬ್ಬರನ್ನು ಕೂರಿಸಿ 45 ನಿಮಿಷದ ಅವಧಿಗೆ ಪ್ರಶ್ನೆಗಳನ್ನು ಕೊಟ್ಟಿದ್ದರು. ಮೊದಮೊದಲು ಹಗುರವಾದವು, ಬರಬರುತ್ತ ಆಳವಾದವು. ಇಬ್ಬರೂ ಸರದಿಯಂತೆ ಉತ್ತರಿಸಬೇಕು. ಬರೀ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಇವರು ಹೆಚ್ಚು ಹತ್ತಿರವಾದರು. ಅದೊಂದು ಪ್ರಯೋಗಶಾಲೆಯ ಕ್ಷಣಿಕ ನಿಕಟತೆ, ಅದರಿಂದ ದಾಂಪತ್ಯ ಕಟ್ಟಲಾಗದು. ಆದರೆ ಅದರ ಕ್ರಮ ಗಮನಿಸತಕ್ಕದ್ದು: ಮೆಟ್ಟಿಲು ಮೆಟ್ಟಿಲಾಗಿ, ಎರಡೂ ಕಡೆಯಿಂದ. ಸಣ್ಣದೊಂದನ್ನು ಹೇಳಿ ನೋಡುವುದು, ಕೇಳಿದವರು ಅದನ್ನು ಹೇಗೆ ಇಟ್ಟುಕೊಂಡರು ಎಂದು ಕಾಯುವುದು, ಅವರೂ ತಮ್ಮದೊಂದನ್ನು ಹೇಳಿದರೆ ಇನ್ನೊಂದು ಹೆಜ್ಜೆ ಇಡುವುದು. ಅವರು ಅದನ್ನು ನಾಲ್ಕು ಜನರೆದುರು ಎತ್ತಿ ಆಡಿದರೆ ಅಗುಳಿ ಹಾಕಿಕೊಳ್ಳುವ ಹಕ್ಕು ಹೇಳಿದವರದೇ. ಆಪ್ತರಲ್ಲಿ ಅಂಥವರು ಯಾರೂ ಸಿಗದಿದ್ದರೆ ತರಬೇತಿ ಪಡೆದ ಕೇಳುಗರಿದ್ದಾರೆ. 2022ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 14416, ಕನ್ನಡದಲ್ಲೂ ಮಾತಾಡುತ್ತದೆ.

ಇನ್ನು ಮಿಕ್ಕವರ ಪಾಲಿಗೆ ಬರುವ ಕೆಲಸವೂ ಚಿಕ್ಕದಲ್ಲ. ಎದೆ ತೆರೆಯಿರಿ ಎಂದು ಇನ್ನೊಬ್ಬರಿಗೆ ಹೇಳುವ ಗಂಡ, ಅಪ್ಪ, ಗೆಳತಿ, ಶಿಬಿರದ ಗುರು, ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ತಮ್ಮಿಂದ ಆದೀತೇ ಎಂದು ಮೊದಲು ನೋಡಿಕೊಳ್ಳಬೇಕು. ಆಗದೆಂದರೆ ಆ ಮಾತನ್ನು ಹೇಳದೇ ಇರುವುದೇ ಅವರು ತೋರಬಹುದಾದ ಪ್ರಾಮಾಣಿಕತೆ.