ತೆರಿಗೆ ಬಾಕಿಗೆ ರಸ್ತೆಯಲ್ಲೇಕೆ ವಸೂಲಿ?

ನಂದಿನಿ ಲೇಔಟ್‌ನಿಂದ ಹೊರವರ್ತುಲ ರಸ್ತೆಗೆ ಬಂದರೆ ಒಂದು ಕಡೆ ಲಗ್ಗೆರೆ, ಇನ್ನೊಂದು ಕಡೆ ಗೊರಗುಂಟೆಪಾಳ್ಯ. ಅಲ್ಲಿಂದ ಮುಂದೆ ಪೀಣ್ಯದ ಕಾರ್ಖಾನೆಗಳು, ಯಶವಂತಪುರದ ಮಾರುಕಟ್ಟೆ ಪ್ರಾಂಗಣ. ಗಾರ್ಮೆಂಟ್ಸ್ ಕೆಲಸದವರನ್ನು ಕರೆದೊಯ್ಯುವ ಟಿಟಿ (ಟೆಂಪೊ ಟ್ರಾವೆಲರ್), ಶಾಲೆ ಮಕ್ಕಳ ಮ್ಯಾಕ್ಸಿಕ್ಯಾಬ್, ಸರಕಿನ ಲಾರಿ ಎಲ್ಲವೂ ರಾತ್ರಿ ನಿಲ್ಲುವುದು ಈ ಭಾಗದ ಅಡ್ಡರಸ್ತೆಗಳಲ್ಲೇ. ಅದೇ ರಸ್ತೆಯಲ್ಲಿ ನಿಂತಿರುವ ಸ್ವಂತ ಬಳಕೆಯ ಕಾರಿಗೂ ಈ ಹಳದಿ ಬೋರ್ಡಿನ ಗಾಡಿಗೂ ತೆರಿಗೆಯ ಲೆಕ್ಕದಲ್ಲಿ ಅಜಗಜಾಂತರ. ಕಾರಿನವರು ನೋಂದಣಿಯ ದಿನವೇ ಜೀವಿತಾವಧಿ ತೆರಿಗೆ ಕಟ್ಟಿ ಮರೆತುಬಿಡುತ್ತಾರೆ; ದಾಖಲೆಯಲ್ಲಿ ತೆರಿಗೆ ಅವಧಿಯ ಎದುರು ‘ಎಲ್‌ಟಿಟಿ’ ಎಂಬ ಮೂರಕ್ಷರ ಬಿದ್ದರೆ ಆ ಚಿಂತೆ ಮುಗಿಯಿತು. ಮ್ಯಾಕ್ಸಿಕ್ಯಾಬ್, ಲಾರಿಗಳ ದಾಖಲೆಯಲ್ಲಿ ಆ ಜಾಗದಲ್ಲಿ ಒಂದು ತಾರೀಕು ಇರುತ್ತದೆ. ಆ ತಾರೀಕು ದಾಟಿದ ಮೇಲೆ ಗಾಡಿ ರಸ್ತೆಗಿಳಿದರೆ ತಡೆದು ನಿಲ್ಲಿಸುವ, ದಂಡ ಹಾಕುವ, ಕಟ್ಟುವವರೆಗೆ ವಶದಲ್ಲಿಟ್ಟುಕೊಳ್ಳುವ ಅಧಿಕಾರ ಸಾರಿಗೆ ಇಲಾಖೆಗಿದೆ. ಅಧಿಕಾರದ ಬಗ್ಗೆ ತಕರಾರಿಲ್ಲ. ತೆರಿಗೆ ಬಾಕಿಯನ್ನು ಪತ್ತೆ ಹಚ್ಚಲು ಮತ್ತು ವಸೂಲು ಮಾಡಲು ರಸ್ತೆಯ ಬದಿಯೇ ಸರಿಯಾದ ಜಾಗವೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಮೊದಲು ತಪ್ಪಿನ ಸ್ವರೂಪ ನೋಡೋಣ. ವಿಮೆ ಇಲ್ಲದ ಗಾಡಿ ಯಾರಿಗಾದರೂ ಗುದ್ದಿದರೆ ಗಾಯಗೊಂಡವರಿಗೆ ಪರಿಹಾರ ಸಿಗುವುದೇ ಕಷ್ಟ. ಎಫ್‌ಸಿ (ಅರ್ಹತಾ ಪತ್ರ) ಇಲ್ಲದ ಗಾಡಿಯ ಬ್ರೇಕು ಯಾವಾಗ ಕೈಕೊಡುತ್ತದೋ ಹೇಳಲಾಗದು. ಇವೆರಡನ್ನೂ ರಸ್ತೆಯಲ್ಲೇ ತಡೆಯಬೇಕು, ಏಕೆಂದರೆ ಅಪಾಯ ಇರುವುದು ರಸ್ತೆಯಲ್ಲೇ. ತೆರಿಗೆ ಕಟ್ಟದ ಗಾಡಿಯಿಂದ ಪಕ್ಕದ ಬೈಕಿನವನಿಗೆ ಹೆಚ್ಚಿನ ಅಪಾಯವೇನಿಲ್ಲ. ಅದು ಖಜಾನೆಗೆ ಬರಬೇಕಾದ ಸಾಲ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿಶಾಖಪಟ್ಟಣ ಉಕ್ಕು ಸ್ಥಾವರದ ಪ್ರಕರಣದಲ್ಲಿ ಇದೇ ತರ್ಕವನ್ನು ಇನ್ನೊಂದು ದಿಕ್ಕಿನಿಂದ ಹೇಳಿತು. ಸ್ಥಾವರದ ಆವರಣದೊಳಗೆ ಮಾತ್ರ ಓಡಾಡಿದ ಗುತ್ತಿಗೆದಾರರ 36 ವಾಹನಗಳಿಗೆ ಆಂಧ್ರ ಸರ್ಕಾರ ತೆರಿಗೆ ವಸೂಲು ಮಾಡಿತ್ತು. ಮೋಟಾರು ವಾಹನ ತೆರಿಗೆ ಎಂಬುದು ಸಾರ್ವಜನಿಕ ರಸ್ತೆಯ ಸೌಲಭ್ಯ ಬಳಸಿದ್ದಕ್ಕೆ ಕೊಡುವ ಪ್ರತಿಫಲ, ಆ ಬಳಕೆ ಇಲ್ಲದ ಕಡೆ ತೆರಿಗೆಯ ಹೊರೆಯೂ ಇಲ್ಲ ಎಂದು ನ್ಯಾಯಾಲಯ ತೀರ್ಮಾನಿಸಿತು.

ಇಷ್ಟು ಸರಳವಾದ ತತ್ವವನ್ನು 1957ರ ಕರ್ನಾಟಕ ಮೋಟಾರು ವಾಹನಗಳ ತೆರಿಗೆ ಕಾಯ್ದೆಯ ನಿತ್ಯದ ಜಾರಿಗೆ ಹೊಂದಿಸಿ ನೋಡಿದರೆ ತೊಡಕು ಕಾಣುತ್ತದೆ. ನೋಂದಣಿ ಚಾಲ್ತಿಯಲ್ಲಿರುವ ವಾಹನ ರಸ್ತೆಯಲ್ಲಿ ಬಳಸಲು ಯೋಗ್ಯ ಎಂದೇ ಕಾಯ್ದೆ ಭಾವಿಸುತ್ತದೆ. ಗಾಡಿ ಓಡಿಸುತ್ತಿಲ್ಲ, ತೆರಿಗೆ ಬೇಡ ಎನ್ನುವವರು ಮೊದಲೇ ಆರ್‌ಟಿಒಗೆ ತಿಳಿಸಿ ದಾಖಲೆಗಳನ್ನು ಒಪ್ಪಿಸಬೇಕು. ಹತ್ತಾರು ಬಸ್ಸಿಟ್ಟು ಗುಮಾಸ್ತರನ್ನು ನೇಮಿಸಿಕೊಂಡ ಟ್ರಾವೆಲ್ಸ್‌ನವರಿಗೆ ಇದೊಂದು ದೊಡ್ಡ ಕೆಲಸವಲ್ಲ. ಒಂದೇ ಗಾಡಿಯ ಮಾಲೀಕ, ತಾನೇ ಚಾಲಕ, ಎಂಜಿನ್ ಕೆಲಸಕ್ಕೆ ಗ್ಯಾರೇಜಿನಲ್ಲಿ ಬಿಟ್ಟ ಗಾಡಿ ಎಂದು ಈಚೆ ಬರುತ್ತದೋ ಅವನಿಗೇ ಗೊತ್ತಿಲ್ಲ; ಅಂಥವನು ಮೊದಲು ಹೋಗಿ ‘ಗಾಡಿ ನಿಲ್ಲಿಸಿದ್ದೇನೆ’ ಎಂದು ಬರೆದುಕೊಡುವುದು ಅಪರೂಪ. ರಿಪೇರಿಗೆ ದುಡ್ಡು ಹೊಂದಿಸುವಷ್ಟರಲ್ಲಿ ತೆರಿಗೆ ಕಟ್ಟಿದ ಕ್ವಾರ್ಟರ್ (ಮೂರು ತಿಂಗಳ ಅವಧಿ) ಮುಗಿದಿರುತ್ತದೆ. ಗಾಡಿ ಈಚೆ ಬಂದ ವಾರದಲ್ಲೇ ಬಾಡಿಗೆ ಸಿಕ್ಕರೆ ಮೊದಲ ದುಡಿಮೆಯಿಂದ ಟ್ಯಾಕ್ಸ್ ಕಟ್ಟಿದರಾಯಿತೆಂದು ಹೊರಡುತ್ತಾನೆ. ಇದನ್ನು ಸಮರ್ಥಿಸಬೇಕಾಗಿಲ್ಲ, ಆದರೆ ಇದನ್ನೂ ವರ್ಷಗಟ್ಟಲೆ ಬೇಕೆಂದೇ ತಪ್ಪಿಸಿಕೊಂಡವನ ಕಳ್ಳಾಟವನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ರಸ್ತೆ ತಪಾಸಣೆಯಲ್ಲಿ ಈ ವ್ಯತ್ಯಾಸ ಕಾಣುವುದಿಲ್ಲ. ಚಾಲಕರು ಇಂದಿಗೂ ‘ಬ್ರೇಕ್ ಇನ್ಸ್‌ಪೆಕ್ಟರ್’ ಎಂದು ಕರೆಯುವ ಮೋಟಾರು ವಾಹನ ನಿರೀಕ್ಷಕರ ಮುಂದೆ ಇರುವುದು ನಿಂತ ಗಾಡಿ, ಹಿಂದೆ ಕಟ್ಟಿದ ಟ್ರಾಫಿಕ್ಕು, ಒಳಗೆ ಕೂತ ಶಾಲೆ ಮಕ್ಕಳು ಅಥವಾ ಇಳಿಸಬೇಕಾದ ಲೋಡು. ಗಾಡಿ ಸೀಜ್ ಆದರೆ ಮಾಲೀಕನಿಗೆ ತಟ್ಟುವ ಪೆಟ್ಟು ದಂಡದ ಮೊತ್ತಕ್ಕಷ್ಟೇ ನಿಲ್ಲುವುದಿಲ್ಲ: ಅಂದಿನ ಬಾಡಿಗೆ ಹೋಯಿತು, ಒಪ್ಪಿಕೊಂಡ ಟ್ರಿಪ್ ಇನ್ನೊಬ್ಬನ ಪಾಲಾಯಿತು, ಕಂಪನಿಯವರು ಮುಂದಿನ ತಿಂಗಳು ಬೇರೆ ಗಾಡಿ ನೋಡಿಕೊಂಡರು. ಈ ನಷ್ಟದಲ್ಲಿ ಒಂದು ಪೈಸೆಯೂ ಖಜಾನೆಗೆ ಹೋಗುವುದಿಲ್ಲ. ಕಾನೂನಿನ ಪ್ರಕಾರ ಕಟ್ಟಬೇಕಾದ್ದಕ್ಕಿಂತ ಗಾಡಿ ನಿಂತರೆ ಆಗುವ ನಷ್ಟ ದೊಡ್ಡದಾದ ಕಡೆ ರಸೀದಿ ಇಲ್ಲದ ಚೌಕಾಸಿಗೆ ಜಾಗ ತಾನಾಗಿ ಹುಟ್ಟುತ್ತದೆ. ಅದಕ್ಕೆ ಅಧಿಕಾರಿ ಕೆಟ್ಟವನೇ ಆಗಬೇಕಿಲ್ಲ; ವ್ಯವಸ್ಥೆ ಇಬ್ಬರಿಗೂ ಅದೇ ದಾರಿ ತೋರಿಸುತ್ತದೆ.

ರಸ್ತೆಯಲ್ಲಿ ಹಾಕಿದ ದಂಡ ನಿಜಕ್ಕೂ ಎಷ್ಟು ವಸೂಲಾಗುತ್ತದೆ? ಸರ್ಕಾರದ್ದೇ ಆದೇಶಗಳಲ್ಲಿ ಉತ್ತರವಿದೆ. 2023ರ ಫೆಬ್ರುವರಿಯಲ್ಲಿ ಸಂಚಾರ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಾಗ ಬೆಂಗಳೂರೊಂದರಲ್ಲೇ 9 ದಿನಗಳಲ್ಲಿ 120 ಕೋಟಿ ರೂಪಾಯಿಗೂ ಹೆಚ್ಚು ಬಂತು. 40 ಲಕ್ಷಕ್ಕೂ ಹೆಚ್ಚು ಪ್ರಕರಣ ಇತ್ಯರ್ಥವಾದವು. ಮಾರ್ಚ್‌ನಲ್ಲಿ ಮತ್ತೆ ರಿಯಾಯಿತಿ, ಜುಲೈನಲ್ಲಿ ಮತ್ತೊಮ್ಮೆ. 2025ರ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಪುನಃ ಕೊಟ್ಟಾಗ ನಗರದಲ್ಲಿ 106 ಕೋಟಿ ರೂಪಾಯಿ ಸಂಗ್ರಹವಾಯಿತು. ಅದೇ ವರ್ಷ ನವೆಂಬರ್‌ 21ರಿಂದ ಮೂರು ವಾರ ಮಗದೊಂದು ರಿಯಾಯಿತಿ; ಈ ಬಾರಿ ಸಾರಿಗೆ ಇಲಾಖೆಯಲ್ಲಿ 1991–92ರಿಂದ 2019–20ರವರೆಗೆ ದಾಖಲಾಗಿ ಬಾಕಿ ಉಳಿದ ಪ್ರಕರಣಗಳೂ ಸೇರಿದವು. ಮೂವತ್ತು ವರ್ಷಕ್ಕೂ ಹಿಂದೆ ಯಾವುದೋ ರಸ್ತೆಯಲ್ಲಿ ಬರೆದ ಚೆಕ್ ರಿಪೋರ್ಟು ಇನ್ನೂ ಕಡತದಲ್ಲಿ ಉಸಿರಾಡುತ್ತಿದೆ ಎಂದಾಯಿತು! ಕೆಂಪು ದೀಪ ದಾಟಿ ಜೀವಕ್ಕೆ ಸಂಚಕಾರ ತಂದವರಿಗೆ ಅರ್ಧ ಬೆಲೆಯ ಹಂಗಾಮು ಪದೇ ಪದೇ ಬರುತ್ತದೆ. ತೆರಿಗೆ ತಡ ಮಾಡಿದವನ ಗಾಡಿಯನ್ನು ಮಾತ್ರ ಸ್ಥಳದಲ್ಲೇ ನಿಲ್ಲಿಸಬಹುದು.

‘ಬಿಗಿ ಮಾಡದಿದ್ದರೆ ಯಾರೂ ಕಟ್ಟುವುದಿಲ್ಲ, ಐಷಾರಾಮಿ ಕಾರುಗಳನ್ನು ಹಿಡಿದದ್ದು ರಸ್ತೆಯಲ್ಲೇ ಅಲ್ಲವೇ’ ಎಂಬ ಆಕ್ಷೇಪ ಬಂದೇ ಬರುತ್ತದೆ, ಮತ್ತು ಅದು ಹಗುರವಾದದ್ದಲ್ಲ. 2025ರ ಫೆಬ್ರುವರಿಯಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನಲ್ಲಿ ಫೆರಾರಿ, ಪೋರ್ಷೆ ಸೇರಿ ಸುಮಾರು 30 ಕಾರು ವಶಪಡಿಸಿಕೊಂಡಿತು. ಜುಲೈನಲ್ಲಿ ಮಹಾರಾಷ್ಟ್ರ ನೋಂದಣಿಯ ಒಂದೇ ಫೆರಾರಿಯಿಂದ ಸುಮಾರು 1.42 ಕೋಟಿ ರೂಪಾಯಿ ವಸೂಲಾಯಿತು. 20 ಲಕ್ಷ ರೂಪಾಯಿ ಮೀರಿದ ಕಾರಿಗೆ ಶೇ 18ರಷ್ಟು ತೆರಿಗೆ ಹಾಕುವ ರಾಜ್ಯದಲ್ಲಿ ಹೊರರಾಜ್ಯದ ನಂಬರಿನ ಆಸೆ ಹುಟ್ಟುವುದು ಸಹಜ, ಅದನ್ನು ಹಿಡಿಯುವುದೂ ನ್ಯಾಯ. ಆದರೆ ಆ ಕಾರುಗಳು ರಸ್ತೆಯಲ್ಲೇ ಸಿಗಬೇಕಾಗಿ ಬಂದದ್ದು ಅವು ನಮ್ಮ ತೆರಿಗೆ ಪುಸ್ತಕದಲ್ಲೇ ಇಲ್ಲದ ಕಾರಣಕ್ಕೆ. ರಾಜಾಜಿನಗರದ ಕೆಎ–02 ಕಚೇರಿಯಲ್ಲಿ ನೋಂದಾಯಿತವಾದ ಮ್ಯಾಕ್ಸಿಕ್ಯಾಬಿನ ಕಥೆಯೇ ಬೇರೆ. ಅದರ ಮಾಲೀಕನ ಹೆಸರು, ವಿಳಾಸ, ಆಸನಗಳ ಸಂಖ್ಯೆ, ತೆರಿಗೆ ಮುಗಿಯುವ ದಿನ ಎಲ್ಲವೂ ವಾಹನ್ ತಂತ್ರಾಂಶದಲ್ಲಿ ಇಲಾಖೆಯ ಕಣ್ಣೆದುರೇ ಇವೆ. ತಾರೀಕು ದಾಟಿದ ಮರುದಿನವೇ ಗೊತ್ತಾಗುವ ಬಾಕಿಯನ್ನು ಲಗ್ಗೆರೆ ಸೇತುವೆ ಬಳಿ ಕಾದು ಹಿಡಿಯಬೇಕಾದ ದರ್ದು ಏನಿದೆ?

ಬ್ರಿಟನ್ನಿನ ಉದಾಹರಣೆ ಎರಡೂ ಕಡೆಯ ವಾದಕ್ಕೆ ಒದಗುತ್ತದೆ, ಆದ್ದರಿಂದ ಪೂರ್ತಿಯಾಗಿಯೇ ಹೇಳಬೇಕು. ಅಲ್ಲಿ ತೆರಿಗೆ ತಪ್ಪಿದರೆ ದಾಖಲೆಯ ಆಧಾರದ ಮೇಲೆ ಮನೆಗೇ 80 ಪೌಂಡ್ ದಂಡದ ಪತ್ರ ಬರುತ್ತದೆ. 33 ದಿನಗಳಲ್ಲಿ ಕಟ್ಟಿದರೆ ಅರ್ಧಕ್ಕೆ ಮುಗಿಯುತ್ತದೆ. ಗಾಡಿ ನಿಲ್ಲಿಸಿದ್ದೇನೆಂದು ಕುಳಿತಲ್ಲೇ ಘೋಷಿಸಬಹುದು. 2014ರ ಅಕ್ಟೋಬರ್‌ನಲ್ಲಿ ಗಾಜಿಗೆ ಅಂಟಿಸುವ ತೆರಿಗೆ ಚೀಟಿಯನ್ನೇ ಅವರು ರದ್ದು ಮಾಡಿದರು. ಆಮೇಲೆ ತೆರಿಗೆ ಇಲ್ಲದೆ ಓಡುವ ವಾಹನಗಳ ಪ್ರಮಾಣ 2013ರ ಶೇ 0.6ರಿಂದ 2017ರಲ್ಲಿ ಶೇ 1.8ಕ್ಕೆ ಏರಿತು. ಕಣ್ಣಿಗೆ ಕಾಣುವ ಚೀಟಿ ಹೋದರೆ ನೆನಪೂ ಹೋಗುತ್ತದೆ, ಹೆದರಿಕೆಯೂ ಸ್ವಲ್ಪ ಸಡಿಲವಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಆದರೂ ನೂರರಲ್ಲಿ 98ಕ್ಕೂ ಹೆಚ್ಚು ವಾಹನಗಳ ತೆರಿಗೆ ಪಾವತಿಯಾಗಿಯೇ ಇತ್ತು. ಗಾಡಿ ಎಳೆದೊಯ್ಯುವ ಅಧಿಕಾರವನ್ನು ಅವರೂ ಬಿಟ್ಟುಕೊಟ್ಟಿಲ್ಲ.

ನಮ್ಮಲ್ಲೂ ಸರದಿ ಹೀಗೇ ಇರಬೇಕು: ತಾರೀಕಿಗೆ ಮುಂಚೆ ನೆನಪಿನ ಸಂದೇಶ, ದಾಟಿದ ಮೇಲೆ ದಿನ ಕಳೆದಂತೆ ಏರುವ ದಂಡ, ನೋಟಿಸಿಗೂ ಜಗ್ಗದವನ ಗಾಡಿ ಮಾತ್ರ ರಸ್ತೆಯಲ್ಲಿ ಸೀಜ್. ಗಾಡಿ ನಿಂತಿತ್ತೆಂದು ತಡವಾಗಿ ಹೇಳಿದರೂ ಗ್ಯಾರೇಜ್ ಬಿಲ್ಲು ನೋಡಿ ಒಪ್ಪುವ ಅವಕಾಶವಿರಲಿ. ಸುಳ್ಳು ಬಿಲ್ಲು ತರುತ್ತಾರೆ ಎನ್ನಬಹುದು. ತರುವವರು ಇದ್ದೇ ಇರುತ್ತಾರೆ, ಆದರೆ ಅದೇ ಅವಧಿಯಲ್ಲಿ ಫಾಸ್ಟ್ಯಾಗ್‌ನಲ್ಲಿ ಟೋಲ್ ಕಡಿತವಾಗಿದ್ದರೆ, ಕ್ಯಾಮೆರಾದಲ್ಲಿ ನಂಬರ್ ಪ್ಲೇಟ್ ಸಿಕ್ಕಿದ್ದರೆ ಸುಳ್ಳು ಅಲ್ಲೇ ಬಯಲಾಗುತ್ತದೆ. ಜೀವಿತಾವಧಿ ತೆರಿಗೆಯನ್ನೇ ಎಲ್ಲರಿಗೂ ವಿಸ್ತರಿಸಿದರೆ ತಾರೀಕಿನ ಗೊಡವೆಯೇ ಇರುವುದಿಲ್ಲ ಎಂಬ ವಾದವೂ ಇದೆ. 2025ರ ತಿದ್ದುಪಡಿ 10 ಲಕ್ಷ ರೂಪಾಯಿ ಒಳಗಿನ ಟ್ಯಾಕ್ಸಿಗಳಿಗೆ ಶೇ 5ರ ದರದಲ್ಲಿ ಅದನ್ನೇ ಮಾಡಿದೆ. ಸಣ್ಣ ಟ್ಯಾಕ್ಸಿಗೆ ಅದು ಹೊಂದೀತು. ಬೆಲೆಬಾಳುವ ಟಿಟಿ, ಲಾರಿಗೆ ಅಷ್ಟೂ ವರ್ಷದ ತೆರಿಗೆಯನ್ನು ಮುಂಗಡ ಕಟ್ಟಬೇಕೆಂದರೆ ಅದೂ ಫೈನಾನ್ಸ್ ಸಾಲಕ್ಕೇ ಸೇರಿ ಬಡ್ಡಿ ತಿನ್ನುತ್ತದೆ.

ಇದಕ್ಕೆಲ್ಲ ಅಡ್ಡಿಯಾಗಿರುವುದು ದೊಡ್ಡ ಕಾನೂನು ತೊಡಕೇನಲ್ಲ, ದಾಖಲೆಯಲ್ಲಿರುವ ಮೊಬೈಲ್ ನಂಬರು. ಎರಡು ಮೂರು ಕೈ ಬದಲಾದ ಗಾಡಿಗಳಲ್ಲಿ ಅದು ಹಳೇ ಮಾಲೀಕನದ್ದೋ ಏಜೆಂಟನದ್ದೋ ಆಗಿರುವುದು ಸಾಮಾನ್ಯ. ಇಲಾಖೆ ಎಷ್ಟೇ ಸಂದೇಶ ಕಳಿಸಿದರೂ, ಒಟಿಪಿ ಹಾಕಿದರೂ ಕಟ್ಟಬೇಕಾದವನಿಗೆ ತಲುಪುವುದಿಲ್ಲ. ಎಫ್‌ಸಿಗೆ ಗಾಡಿ ಹೇಗೂ ತಪಾಸಣೆಗೆ ಬರಲೇಬೇಕು. ಚಾಸಿ ನಂಬರು ಉಜ್ಜಿ ನೋಡುವ ಹೊತ್ತಿನಲ್ಲೇ ಮಾಲೀಕನ ಈಗಿನ ನಂಬರನ್ನೂ ಕಡ್ಡಾಯವಾಗಿ ದಾಖಲಿಸಿಕೊಳ್ಳಲು ಆಯುಕ್ತರ ಒಂದು ಸುತ್ತೋಲೆ ಸಾಕು.